ಫ್ಯಾನ್ ಆರಿಸುವವರು ಯಾರು, ಬಿಲ್ ಕಟ್ಟುವವರು ಯಾರು?

‘ಇಂಧನ ದಕ್ಷತಾ ಬ್ಯೂರೊ ಸ್ಥಾಪನೆಯಾದ ವರ್ಷ ಯಾವುದು?’ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೋಟ್‌ಬುಕ್ಕಿನಲ್ಲಿ ಈ ಪ್ರಶ್ನೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಉತ್ತರ: 2002. ಅದರ ಕೆಳಗೆ ಇನ್ನೊಂದು ಸಾಲು: ಸ್ಟಾರ್ ಲೇಬಲ್ ಜಾರಿ, 2006. ಮತ್ತೊಂದು ಸಾಲು: ಉಜಾಲಾ ಯೋಜನೆ, 2015. ಒಂದು ಅಂಕಕ್ಕೆ ಒಂದು ಸಾಲು. ಬಾಯಿಪಾಠ ಮಾಡುತ್ತೇವೆ, ಪರೀಕ್ಷೆ ಬರೆಯುತ್ತೇವೆ, ಮುಂದಿನ ಪುಟ ತಿರುವುತ್ತೇವೆ.

ಆದರೆ ಈ ಮೂರು ಸಾಲುಗಳಿಗೂ ನಾವು ಮಲಗುವ ಕೋಣೆಗೂ ನೇರ ಸಂಬಂಧವಿದೆ. ತಲೆಯ ಮೇಲೆ ತಿರುಗುವ ಫ್ಯಾನ್ ಎಷ್ಟು ವಿದ್ಯುತ್ ತಿನ್ನುತ್ತದೆ, ತಿಂಗಳ ಕೊನೆಗೆ ಬಾಡಿಗೆಯ ಜೊತೆಗೆ ಎಷ್ಟು ಕರೆಂಟ್ ದುಡ್ಡು ಕೊಡಬೇಕು, ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ಆಗುತ್ತದೋ ಇಲ್ಲವೋ ಎಂಬುದರ ಹಿಂದೆಲ್ಲ ಈ ಕಾನೂನಿನ ಕೈ ಇದೆ. ಊರು ಬಿಟ್ಟು ಬಂದು ಬಾಡಿಗೆ ಕೋಣೆಯಲ್ಲಿ, ಹಾಸ್ಟೆಲ್‌ನಲ್ಲಿ, ಪಿ.ಜಿ.ಯಲ್ಲಿ ಇರುವ ನಮ್ಮಂಥವರಿಗೆ ಇದು ಸಾಮಾನ್ಯ ಜ್ಞಾನದ ಪ್ರಶ್ನೆಗಿಂತ ದೊಡ್ಡದು. ನಾನು ಇಲ್ಲಿ ಹೇಳಹೊರಟಿರುವುದು ಒಂದೇ ಮಾತು. ಪೆಟ್ಟಿಗೆಯ ಮೇಲೆ ಅಂಟಿಸಿದ ಸ್ಟಾರ್‌ಗಳು ಅಂಗಡಿಗೆ ಹೋಗಿ ಕೊಳ್ಳುವವರಿಗೆ ನೆರವಾಗುತ್ತವೆ. ಬೇರೆಯವರು ಕೊಂಡದ್ದರ ಕೆಳಗೆ ಬದುಕುವವರಿಗೆ ನೆರವಾಗುವುದು ಸರ್ಕಾರ ಹಾಕುವ ಕನಿಷ್ಠ ಗೆರೆ ಮಾತ್ರ. ಆ ಗೆರೆ ಎಲ್ಲಿರಬೇಕು ಎಂಬ ಚರ್ಚೆಯಲ್ಲಿ ಯುವಜನರ ದನಿ ಕೇಳಿಸುತ್ತಲೇ ಇಲ್ಲ.

ಲೇಬಲ್ ಬೇರೆ, ಗೆರೆ ಬೇರೆ

ಮೊದಲು ಕಾನೂನಿನ ಕತೆ. ಸಂಸತ್ತು ಇಂಧನ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದ್ದು 2001ರಲ್ಲಿ. ಅದರ ಅಡಿಯಲ್ಲಿ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೊ, ಅಂದರೆ ಬಿಇಇ, ಕೆಲಸ ಶುರುಮಾಡಿತು. ಕಾಯ್ದೆಯ 14ನೇ ಕಲಂ ಕೇಂದ್ರ ಸರ್ಕಾರಕ್ಕೆ ಎರಡು ಬಗೆಯ ಅಧಿಕಾರ ಕೊಡುತ್ತದೆ. ಒಂದು, ಉಪಕರಣ ಎಷ್ಟು ವಿದ್ಯುತ್ ಬಳಸುತ್ತದೆ ಎಂಬುದನ್ನು ಲೇಬಲ್ ಮೂಲಕ ಗ್ರಾಹಕರಿಗೆ ತಿಳಿಸಬೇಕು ಎಂದು ಕಂಪನಿಗಳಿಗೆ ಆದೇಶಿಸುವುದು. ಎರಡು, ನಿಗದಿತ ಮಟ್ಟಕ್ಕಿಂತ ಕೆಳಗಿರುವ ಉಪಕರಣವನ್ನು ತಯಾರಿಸಲು, ಮಾರಲು, ಆಮದು ಮಾಡಲು ಬಿಡದಿರುವುದು.

ಮೊದಲನೆಯದು ಮಾಹಿತಿ, ಎರಡನೆಯದು ನಿಷೇಧ. ಎರಡೂ ಒಂದೇ ಲೇಬಲ್ಲಿನಲ್ಲಿ ಕೂಡಿಕೊಂಡಿರುವುದರಿಂದ ನಮಗೆ ವ್ಯತ್ಯಾಸ ಕಾಣುವುದಿಲ್ಲ. ಯಾವುದೇ ಉಪಕರಣಕ್ಕೆ ಲೇಬಲ್ ಐಚ್ಛಿಕವಾಗಿರುವವರೆಗೆ ಅದು ಬರೀ ಮಾಹಿತಿ. ಚೆನ್ನಾಗಿರುವ ಮಾಲಿಗೆ ಕಂಪನಿ ಸ್ಟಾರ್ ಅಂಟಿಸುತ್ತದೆ, ಕೆಟ್ಟದ್ದನ್ನು ಸ್ಟಾರ್ ಇಲ್ಲದೆಯೇ ಮಾರುತ್ತದೆ. ಲೇಬಲ್ ಕಡ್ಡಾಯವಾದ ದಿನ ಒಂದು ಸ್ಟಾರ್ ಎಂಬುದೇ ಕನಿಷ್ಠ ಗೆರೆಯಾಗುತ್ತದೆ. ಅದನ್ನೂ ಮುಟ್ಟಲಾಗದ ಮಾಲು ಅಂಗಡಿಗೇ ಬರುವಂತಿಲ್ಲ.

2006ರ ಮೇ ತಿಂಗಳಲ್ಲಿ ಸ್ಟಾರ್ ಯೋಜನೆ ಶುರುವಾದಾಗ ಎಲ್ಲವೂ ಐಚ್ಛಿಕವೇ. 2010ರ ಜನವರಿಯಿಂದ ಫ್ರಾಸ್ಟ್ ಫ್ರೀ ಫ್ರಿಜ್, ಕೋಣೆಯ ಎಸಿ, ಟ್ಯೂಬ್‌ಲೈಟ್ ಮತ್ತು ವಿತರಣಾ ಟ್ರಾನ್ಸ್‌ಫಾರ್ಮರ್‌ಗಳಿಗೆ ಕಡ್ಡಾಯವಾಯಿತು. ಆಮೇಲೆ ಗೀಸರ್, ಟಿ.ವಿ., ಎಲ್‌ಇಡಿ ಬಲ್ಬ್ ಒಂದೊಂದಾಗಿ ಕಡ್ಡಾಯ ಪಟ್ಟಿಗೆ ಬಂದವು. ಸೀಲಿಂಗ್ ಫ್ಯಾನ್? ಅದು ಕಡ್ಡಾಯವಾದದ್ದು 2023ರ ಜನವರಿ 1ರಂದು. ಎಸಿ ಕೊಳ್ಳುವವರಿಗೆ ಸಿಕ್ಕ ರಕ್ಷಣೆ ಫ್ಯಾನಿನ ಕೆಳಗೆ ಕೂರುವವರಿಗೆ ಸಿಗಲು 13 ವರ್ಷ ಹೆಚ್ಚು ಬೇಕಾಯಿತು. ನಮ್ಮ ದೇಶದಲ್ಲಿ ಎಸಿ ಇರುವ ಮನೆಗಳೆಷ್ಟು, ಫ್ಯಾನ್ ಇರುವ ಮನೆಗಳೆಷ್ಟು ಎಂಬುದನ್ನು ನೆನೆದರೆ ಈ ಅಂತರದ ಅರ್ಥ ಗೊತ್ತಾಗುತ್ತದೆ.

ಬೆಂಗಳೂರಿನಲ್ಲೇ ಹುಟ್ಟಿದ ಮಾತು

ಈ ವಿಚಾರ ಪರದೇಶದಿಂದ ಬಂದದ್ದು ಎಂದು ಭಾವಿಸಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ಕೆ.ಎನ್. ರೆಡ್ಡಿ 1980ರ ದಶಕದಲ್ಲೇ ಇದನ್ನು ಕರ್ನಾಟಕದ ಲೆಕ್ಕ ಇಟ್ಟುಕೊಂಡು ಹೇಳಿದ್ದರು. ರಾಜ್ಯಕ್ಕೆ ಮುಂದೆ ಇಷ್ಟು ಸಾವಿರ ಮೆಗಾವಾಟ್ ಬೇಕು, ಅದಕ್ಕೆ ಇಷ್ಟು ಹೊಸ ಸ್ಥಾವರ ಬೇಕು ಎಂದು ಅಧಿಕೃತ ಯೋಜನೆಗಳು ಹೇಳುತ್ತಿದ್ದ ಕಾಲ ಅದು. ರೆಡ್ಡಿಯವರು ಪ್ರಶ್ನೆಯನ್ನೇ ತಿರುಗಿಸಿದರು. ಜನರಿಗೆ ಬೇಕಾಗಿರುವುದು ಯೂನಿಟ್‌ಗಳಲ್ಲ. ಬೆಳಕು, ಗಾಳಿ, ನೀರು, ಬೆಂದ ಅನ್ನ. ಅದೇ ಬೆಳಕನ್ನು ಕಡಿಮೆ ವಿದ್ಯುತ್ತಿನಲ್ಲಿ ಕೊಡಲು ಸಾಧ್ಯವಿದ್ದರೆ, ಹೊಸ ಸ್ಥಾವರ ಕಟ್ಟುವುದಕ್ಕಿಂತ ಅದು ಅಗ್ಗ. ಅವರೂ ಸಂಗಡಿಗರೂ ಸೇರಿ ಕರ್ನಾಟಕಕ್ಕಾಗಿ ಸಿದ್ಧಪಡಿಸಿದ ಪರ್ಯಾಯ ಯೋಜನೆಯಲ್ಲಿ ಹಳೆಯ ಬಲ್ಬುಗಳ ಜಾಗಕ್ಕೆ ಕಡಿಮೆ ವಿದ್ಯುತ್ ಬಳಸುವ ದೀಪಗಳನ್ನು ತರುವ ಲೆಕ್ಕವೂ ಇತ್ತು.

ಅವರು ತೀರಿಕೊಂಡದ್ದು 2006ರ ಮೇ ತಿಂಗಳಲ್ಲಿ, ದೇಶದಲ್ಲಿ ಸ್ಟಾರ್ ಲೇಬಲ್ ಜಾರಿಗೆ ಬಂದ ಅದೇ ತಿಂಗಳು. ಅವರ ಹೆಸರು ನಮ್ಮ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಕಾಣುವುದು ಅಪರೂಪ. ಅವರ ಪ್ರಶ್ನೆಯಂತೂ ಇಂದಿಗೂ ಹಳತಾಗಿಲ್ಲ. 2024ರ ಮೇ 30ರಂದು ದೇಶದ ವಿದ್ಯುತ್ ಬೇಡಿಕೆ 250 ಗಿಗಾವಾಟ್ ಮುಟ್ಟಿ ದಾಖಲೆ ಬರೆಯಿತು. 2023ರ ಬರಗಾಲದಲ್ಲಿ ನಮ್ಮ ರಾಜ್ಯ ವಿದ್ಯುತ್ತಿಗಾಗಿ ಪರದಾಡಿದ್ದು ಎಲ್ಲರಿಗೂ ನೆನಪಿದೆ. ಉಳಿಸಿದ ಒಂದು ಯೂನಿಟ್ಟಿಗೆ ಕಲ್ಲಿದ್ದಲು ಬೇಡ, ಅಣೆಕಟ್ಟು ಬೇಡ, ಮಳೆಯನ್ನು ಕಾಯುವುದೂ ಬೇಡ.

ಬಲ್ಬು ಗೆದ್ದದ್ದು ಹೇಗೆ?

ಇದು ಕಾಗದದ ಮೇಲಿನ ಲೆಕ್ಕ ಎನ್ನುವವರಿಗೆ ಬಲ್ಬಿನ ಕತೆಯೇ ಉತ್ತರ. 2014ರ ಆರಂಭದಲ್ಲಿ ಸರ್ಕಾರಿ ಕಂಪನಿಯಾದ ಇಇಎಸ್‌ಎಲ್ ಒಂದು ಎಲ್‌ಇಡಿ ಬಲ್ಬನ್ನು 310 ರೂಪಾಯಿಗೆ ಖರೀದಿಸುತ್ತಿತ್ತು. ಕೂಲಿ ಮಾಡಿ ಬದುಕುವವರು 310 ರೂಪಾಯಿ ಕೊಟ್ಟು ಬಲ್ಬು ಕೊಳ್ಳುವುದುಂಟೇ? ಹತ್ತಿಪ್ಪತ್ತು ರೂಪಾಯಿಯ ಹಳೆಯ ಬಲ್ಬೇ ಅವರ ಪಾಲಿಗೆ. ದುಬಾರಿ ಬಲ್ಬು ಒಂದು ವರ್ಷದಲ್ಲಿ ತನ್ನ ಬೆಲೆ ತಾನೇ ತೀರಿಸುತ್ತದೆ ಎಂದು ಎಷ್ಟು ಭಾಷಣ ಮಾಡಿದರೂ, ಜೇಬಿನಲ್ಲಿ ಇಲ್ಲದ ಹಣ ಇಲ್ಲದ್ದೇ.

ಆಗ ಆದದ್ದು ಸಬ್ಸಿಡಿಯಲ್ಲ, ಸಗಟು ಖರೀದಿ. ಕೋಟಿಗಟ್ಟಲೆ ಬಲ್ಬುಗಳಿಗೆ ಒಟ್ಟಾಗಿ ಟೆಂಡರ್ ಕರೆದರು. ಕಂಪನಿಗಳ ನಡುವೆ ಪೈಪೋಟಿ ಹುಟ್ಟಿತು. 2016ರ ಹೊತ್ತಿಗೆ ಖರೀದಿ ಬೆಲೆ 38 ರೂಪಾಯಿಗೆ ಇಳಿಯಿತು. 2015ರ ಜನವರಿ 5ರಂದು ಉದ್ಘಾಟನೆಯಾದ ಉಜಾಲಾ ಯೋಜನೆಯಡಿ ಇದುವರೆಗೆ 36 ಕೋಟಿಗೂ ಹೆಚ್ಚು ಬಲ್ಬುಗಳು ಮನೆ ಸೇರಿವೆ. ಕರ್ನಾಟಕದಲ್ಲಿ ಇದೇ ಯೋಜನೆಗೆ ‘ಹೊಸಬೆಳಕು’ ಎಂಬ ಹೆಸರಿತ್ತು. ಬಲ್ಬಿನ ಕೌಂಟರ್ ಎದುರು ಕರೆಂಟ್ ಬಿಲ್ ಹಿಡಿದು ಸಾಲುಗಟ್ಟಿದ್ದು ಅನೇಕ ಮನೆಗಳಲ್ಲಿ ಇನ್ನೂ ನೆನಪಿರಬಹುದು. ಬೆಲೆ ಇಳಿದ ಮೇಲೆ ಎಲ್‌ಇಡಿ ಬಲ್ಬಿಗೆ ಸ್ಟಾರ್ ಲೇಬಲ್ಲೂ ಕಡ್ಡಾಯವಾಯಿತು.

60 ವಾಟ್‌ನ ಬಲ್ಬು ಕೊಡುತ್ತಿದ್ದ ಬೆಳಕನ್ನು ಇಂದು 7ರಿಂದ 9 ವಾಟ್‌ನ ಎಲ್‌ಇಡಿ ಕೊಡುತ್ತದೆ. ಕಿರಾಣಿ ಅಂಗಡಿಯಲ್ಲಿ ಕಣ್ಣು ಮುಚ್ಚಿ ಯಾವ ಬಲ್ಬು ಎತ್ತಿಕೊಂಡರೂ ನಷ್ಟವಿಲ್ಲದ ಸ್ಥಿತಿಗೆ ನಾವು ಬಂದಿದ್ದೇವೆ. ಬಾಡಿಗೆದಾರನೂ ಗೆದ್ದ, ಮಾಲೀಕನೂ ಗೆದ್ದ. ಇಲ್ಲಿ ಗಮನಿಸಬೇಕಾದ ಕ್ರಮವೊಂದಿದೆ. ಮೊದಲು ಒಟ್ಟಾಗಿ ಕೊಂಡು ಬೆಲೆ ಇಳಿಸುವುದು, ಆಮೇಲೆ ಗೆರೆ ಎಳೆಯುವುದು.

ಫ್ಯಾನಿನ ಲೆಕ್ಕ

ಫ್ಯಾನಿನ ವಿಷಯದಲ್ಲಿ ಈ ಕೆಲಸ ಅರ್ಧಕ್ಕೇ ನಿಂತಿದೆ. ಫ್ಯಾನಿಗೆ ಸ್ಟಾರ್ ಕೊಡುವ ವಿಧಾನ ಸರಳ. ಒಂದು ನಿಮಿಷಕ್ಕೆ ಅದು ಎಷ್ಟು ಘನ ಮೀಟರ್ ಗಾಳಿ ತಳ್ಳುತ್ತದೆ ಎಂಬುದನ್ನು ಅದು ಬಳಸುವ ವಾಟ್‌ಗಳಿಂದ ಭಾಗಿಸುತ್ತಾರೆ. ಮನೆಗಳಲ್ಲಿರುವ ಸಾಮಾನ್ಯ ಅಳತೆಯ, ಅಂದರೆ 1,200 ಮಿಲಿಮೀಟರ್‌ನ ಫ್ಯಾನ್ ನಿಮಿಷಕ್ಕೆ ಕನಿಷ್ಠ 210 ಘನ ಮೀಟರ್ ಗಾಳಿ ಕೊಡಬೇಕು. 2023ರಲ್ಲಿ ಕಡ್ಡಾಯವಾದಾಗ ಭಾಗಲಬ್ಧ 4 ಬಂದರೆ ಒಂದು ಸ್ಟಾರ್, 6 ಅಥವಾ ಹೆಚ್ಚು ಬಂದರೆ ಐದು ಸ್ಟಾರ್. ಅಂದರೆ ಅಷ್ಟೇ ಗಾಳಿಗೆ ಒಂದು ಸ್ಟಾರ್ ಫ್ಯಾನ್ ಸುಮಾರು 52 ವಾಟ್ ಬಳಸಬಹುದು, ಐದು ಸ್ಟಾರ್ ಫ್ಯಾನ್ 35 ವಾಟ್ ದಾಟುವಂತಿಲ್ಲ. ಬಿಎಲ್‌ಡಿಸಿ ಮೋಟರಿನ ಫ್ಯಾನ್‌ಗಳು 30 ವಾಟ್‌ನ ಆಸುಪಾಸಿನಲ್ಲೇ ಕೆಲಸ ಮುಗಿಸುತ್ತವೆ. ಹಳೆಯ ಫ್ಯಾನ್‌ಗಳದ್ದು 70ರಿಂದ 75 ವಾಟ್.

ಒಂದು ಲೆಕ್ಕ ಹಾಕೋಣ. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ಫ್ಯಾನ್ ತಿರುಗುತ್ತದೆ ಎಂದುಕೊಳ್ಳಿ. 75 ವಾಟ್‌ನ ಹಳೆಯ ಫ್ಯಾನಿಗೆ ವರ್ಷಕ್ಕೆ 270 ಯೂನಿಟ್ ಬೇಕು. 30 ವಾಟ್‌ನದಕ್ಕೆ 108 ಯೂನಿಟ್ ಸಾಕು. ಉಳಿತಾಯ 162 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ ಇಟ್ಟುಕೊಂಡರೂ ವರ್ಷಕ್ಕೆ 972 ರೂಪಾಯಿ. ಅಂಗಡಿಯಲ್ಲಿ ಈ ಎರಡು ಬಗೆಯ ಫ್ಯಾನ್‌ಗಳ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ಸಾವಿರದಿಂದ ಒಂದೂವರೆ ಸಾವಿರ ರೂಪಾಯಿ. ಹೆಚ್ಚೆಂದರೆ ಎರಡು ವರ್ಷದೊಳಗೆ ಹಣ ವಾಪಸು. ಫ್ಯಾನ್ ಬಾಳುವುದು ಹತ್ತು ಹದಿನೈದು ವರ್ಷ.

ಇಷ್ಟು ಲಾಭವಿದ್ದರೂ ಬಾಡಿಗೆ ಕೋಣೆಗಳಲ್ಲಿ ಈ ಫ್ಯಾನ್ ಯಾಕೆ ಕಾಣುವುದಿಲ್ಲ? ಕಾರಣ ಮಾಲೀಕರ ದುಷ್ಟತನವಲ್ಲ, ವ್ಯವಹಾರದ ರಚನೆ. ಫ್ಯಾನ್ ಕೊಳ್ಳುವುದು ಮಾಲೀಕರು. ಅವರಿಗೆ ಕಾಣುವುದು ಅಂಗಡಿಯ ಬೆಲೆ. ಬಿಲ್ ಕಟ್ಟುವುದು ನಾವು. ನಮಗೆ ಕಾಣುವುದು ಮೀಟರಿನ ಅಂಕಿ. ಕೊಳ್ಳುವವರಿಗೆ ಉಳಿತಾಯವಿಲ್ಲ, ಉಳಿತಾಯ ಬೇಕಾದವರಿಗೆ ಕೊಳ್ಳುವ ಹಕ್ಕಿಲ್ಲ. ನಾನು ಧಾರವಾಡದಲ್ಲಿ ಇಬ್ಬರು ಗೆಳೆಯರೊಂದಿಗೆ ಇರುವ ಕೋಣೆಯ ಫ್ಯಾನಿನ ಮೇಲೆ 75 ವಾಟ್ ಎಂದು ಬರೆದಿರುವುದು ಇನ್ನೂ ಅಳಿಸಿಲ್ಲ. ಹೊಸದು ಹಾಕಿಸಿಕೊಳ್ಳೋಣ ಎಂದರೆ ನಾವೇ ಹಣ ಹಾಕಬೇಕು. ಹನ್ನೊಂದು ತಿಂಗಳ ಕರಾರು ಮುಗಿದ ಮೇಲೆ ನಾವು ಎಲ್ಲಿರುತ್ತೇವೋ! ಬಿಟ್ಟು ಹೋಗುವ ಕೋಣೆಗೆ ಎರಡೂವರೆ ಸಾವಿರದ ಫ್ಯಾನ್ ಹಾಕುವ ಬುದ್ಧಿವಂತಿಕೆ ಯಾರಿಗೂ ಹೊಳೆಯುವುದಿಲ್ಲ. ಕಳಚಿಕೊಂಡು ಹೋದರೆ ಅಡ್ವಾನ್ಸ್ ಹಣದಲ್ಲಿ ಜಗಳ.

ಇಂಥ ಕಡೆ ಲೇಬಲ್ ನಿರುಪಯೋಗಿ. ಐದು ಸ್ಟಾರ್‌ಗಳ ಅರ್ಥ ನನಗೆ ಎಷ್ಟೇ ಚೆನ್ನಾಗಿ ಗೊತ್ತಿದ್ದರೂ ಫ್ಯಾನ್ ಆರಿಸುವವನು ನಾನಲ್ಲ. ಮಾಲೀಕರು ಅಂಗಡಿಯಲ್ಲಿ ಅತಿ ಅಗ್ಗದ್ದನ್ನೇ ಎತ್ತಿಕೊಂಡರೂ ಅದು ತಕ್ಕಮಟ್ಟಿಗೆ ಒಳ್ಳೆಯದೇ ಆಗಿರುವಂತೆ ನೋಡಿಕೊಳ್ಳುವುದೊಂದೇ ದಾರಿ. ಅದನ್ನೇ ಕನಿಷ್ಠ ಗೆರೆ ಎನ್ನುವುದು.

ಗೃಹಜ್ಯೋತಿ ಇದ್ದ ಮೇಲೆ ಚಿಂತೆ ಏಕೆ?

ಗೆಳೆಯರೊಂದಿಗೆ ಈ ಮಾತೆತ್ತಿದಾಗ ಮೊದಲು ಬರುವ ಪ್ರಶ್ನೆ ಇದು. 2023ರಲ್ಲಿ ಗೃಹಜ್ಯೋತಿ ಬಂದಿದೆ, 200 ಯೂನಿಟ್‌ವರೆಗೆ ಉಚಿತ, ಬಾಡಿಗೆದಾರರಿಗೂ ಉಂಟು. ಮತ್ತೆ ಫ್ಯಾನಿನ ವಾಟ್ ಕಟ್ಟಿಕೊಂಡು ಏನಾಗಬೇಕು?

ಯೋಜನೆಯ ನಿಯಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. 2023ರಲ್ಲಿ ಯೋಜನೆ ಬಂದಾಗ ಹಿಂದಿನ ಬಳಕೆಯ ಮಾಸಿಕ ಸರಾಸರಿಯ ಮೇಲೆ ಶೇ 10ರಷ್ಟು ಸೇರಿಸಿ ಪ್ರತಿ ಸಂಪರ್ಕಕ್ಕೂ ಅರ್ಹತೆಯ ಮಿತಿ ನಿಗದಿಪಡಿಸಿದ್ದರು. ಬಳಕೆಯ ಹಿಂದಿನ ಲೆಕ್ಕವಿಲ್ಲದ ಹೊಸ ಮನೆ, ಹೊಸ ಬಾಡಿಗೆದಾರರಿಗೆ 53 ಯೂನಿಟ್‌ನ ಸರಾಸರಿ ಹಿಡಿದು, ಶೇ 10 ಸೇರಿಸಿ 58 ಯೂನಿಟ್ ಎಂದು ಯೋಜನೆ ಜಾರಿಯಾದಾಗ ಗೊತ್ತುಪಡಿಸಿದ್ದರು. ಮಿತಿ ಮೀರಿದ ಯೂನಿಟ್‌ಗಳಿಗೆ ಹಣ ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಈಗ 58 ಯೂನಿಟ್ ಇಟ್ಟುಕೊಂಡು ನೋಡಿ. ಎರಡು ಹಳೆಯ ಫ್ಯಾನ್‌ಗಳು ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 45 ಯೂನಿಟ್ ಅವಕ್ಕೇ ಹೋಯಿತು. ಉಳಿದ 13 ಯೂನಿಟ್‌ನಲ್ಲಿ ದೀಪ, ಮೊಬೈಲ್, ಲ್ಯಾಪ್‌ಟಾಪ್, ಮಿಕ್ಸಿ ಎಲ್ಲ ನಡೆಯಬೇಕು. ಅದೇ 30 ವಾಟ್‌ನ ಫ್ಯಾನ್‌ಗಳಾದರೆ 18 ಯೂನಿಟ್ ಸಾಕು, 40 ಯೂನಿಟ್ ಕೈಯಲ್ಲಿ ಉಳಿಯುತ್ತದೆ. ಉಚಿತ ವಿದ್ಯುತ್ ನಿಜಕ್ಕೂ ಉಚಿತವಾಗಿ ಉಳಿಯಬೇಕಾದರೆ ಫ್ಯಾನ್ ಒಳ್ಳೆಯದಿರಬೇಕು. ಇನ್ನು ವಾಣಿಜ್ಯ ಸಂಪರ್ಕ ಪಡೆದ ಪಿ.ಜಿ.ಗಳಲ್ಲಿ ಇರುವವರಿಗೆ ಗೃಹಜ್ಯೋತಿಯೇ ಇಲ್ಲ. ಅಲ್ಲಿ ಕರೆಂಟಿನ ಖರ್ಚು ಬಾಡಿಗೆಯೊಳಗೆ ಸೇರಿಕೊಂಡು ಕಣ್ಣಿಗೆ ಕಾಣದಂತೆ ನಮ್ಮಿಂದಲೇ ವಸೂಲಾಗುತ್ತದೆ.

ಇನ್ನೊಂದು ಮಗ್ಗುಲೂ ಇದೆ. ಉಚಿತ ಯೂನಿಟ್‌ಗಳ ಹಣವನ್ನು ಎಸ್ಕಾಂಗಳಿಗೆ ತುಂಬಿಕೊಡುವುದು ರಾಜ್ಯ ಸರ್ಕಾರ. ಅಂದಮೇಲೆ ಇಂದು ಕರ್ನಾಟಕದ ಮನೆಗಳ ಕರೆಂಟ್ ಬಿಲ್ಲಿನ ಬಲು ದೊಡ್ಡ ಪಾಲು ಕಟ್ಟುತ್ತಿರುವುದು ಸರ್ಕಾರವೇ. ಆರಿಸುವವರು ಮಾಲೀಕರು, ಬಿಲ್ ಕಟ್ಟುವವರು ಸರ್ಕಾರ, ಕೆಳಗೆ ಕೂತವರು ನಾವು. ಹಳೆಯ ಫ್ಯಾನ್ ಬದಲಿಸುವ ಆಸಕ್ತಿ ಈಗ ಯಾರಿಗೂ ಇಲ್ಲದಂತಾಗಿದೆ. ಫ್ಯಾನ್ ಒಂದಕ್ಕೆ ವರ್ಷಕ್ಕೆ 900 ರೂಪಾಯಿಗೂ ಹೆಚ್ಚು ಉಳಿಯುವಾಗ ಬೊಕ್ಕಸದ ಲೆಕ್ಕ ಬಲ್ಲವರು ಸುಮ್ಮನಿರಬಾರದು. ಹನಿಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಆಯ್ಕೆಯ ಸ್ವಾತಂತ್ರ್ಯ ಯಾರದು?

ಗೆರೆ ಎಳೆಯುವುದಕ್ಕೆ ಆಕ್ಷೇಪಗಳೂ ಇವೆ, ಅವನ್ನು ತಳ್ಳಿಹಾಕುವಂತಿಲ್ಲ. ಸರ್ಕಾರ ನಮ್ಮ ಅಡುಗೆಮನೆಗೆ, ಮಲಗುವ ಕೋಣೆಗೆ ಏಕೆ ಮೂಗು ತೂರಿಸಬೇಕು ಎಂಬುದು ಒಂದು. ಅಮೆರಿಕದಲ್ಲಿ ಇದು ದೊಡ್ಡ ರಾಜಕೀಯ ವಾಗ್ವಾದವೇ ಆಗಿದೆ. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಇಂಧನ ಆದೇಶದಲ್ಲಿ ಬಲ್ಬು, ವಾಷಿಂಗ್ ಮಷೀನ್, ಗೀಸರ್, ಶವರ್‌ಗಳನ್ನು ಆರಿಸಿಕೊಳ್ಳುವ ಜನರ ಸ್ವಾತಂತ್ರ್ಯವನ್ನು ಕಾಪಾಡಬೇಕು ಎಂಬ ಅಂಶವಿತ್ತು.

ಆದರೆ ಅದೇ ದೇಶದ ಇತಿಹಾಸ ಬೇರೆಯದನ್ನೂ ಹೇಳುತ್ತದೆ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಮೊದಲು ಕ್ಯಾಲಿಫೋರ್ನಿಯಾ ರಾಜ್ಯ, 1987ರ ಕಾಯ್ದೆಯ ಬಳಿಕ ಇಡೀ ದೇಶ ಫ್ರಿಜ್‌ಗಳಿಗೆ ಕನಿಷ್ಠ ಮಾನದಂಡ ತಂದವು. 70ರ ದಶಕದಲ್ಲಿ ಅಲ್ಲಿನ ಹೊಸ ಫ್ರಿಜ್ ಒಂದು ವರ್ಷಕ್ಕೆ ಸುಮಾರು 1,800 ಯೂನಿಟ್ ತಿನ್ನುತ್ತಿತ್ತು. 2001ರ ಮಾನದಂಡದ ನಂತರ ಅದು 500ರ ಆಸುಪಾಸಿಗೆ ಇಳಿಯಿತು. ಅಷ್ಟರಲ್ಲಿ ಫ್ರಿಜ್‌ಗಳು ದೊಡ್ಡವಾದವು, ಹಣದುಬ್ಬರ ಕಳೆದು ನೋಡಿದರೆ ಅಗ್ಗವೂ ಆದವು. ಗೆರೆ ಬಿಗಿಯಾದಾಗ ಎಂಜಿನಿಯರುಗಳು ದಾರಿ ಹುಡುಕಿದರು. ಆಯ್ಕೆ ಕಡಿಮೆಯಾಗಲಿಲ್ಲ, ಕೆಟ್ಟ ಆಯ್ಕೆಗಳು ಕಡಿಮೆಯಾದವು.

ಸ್ವಾತಂತ್ರ್ಯದ ಮಾತು ಬಂದಾಗ ನಾವು ಕೇಳಬೇಕಾದ ಪ್ರಶ್ನೆ: ಯಾರ ಸ್ವಾತಂತ್ರ್ಯ? ಕೊಳ್ಳುವವರು ಮತ್ತು ಕಟ್ಟುವವರು ಒಬ್ಬರೇ ಆಗಿದ್ದರೆ ಆ ವಾದಕ್ಕೆ ತೂಕವಿದೆ. ಬಾಡಿಗೆ ಕೋಣೆಯಲ್ಲಿ ಒಬ್ಬರ ಆಯ್ಕೆಯ ದಂಡವನ್ನು ಇನ್ನೊಬ್ಬರು ತೆರುತ್ತಾರೆ.

ಎರಡನೆಯ ಆಕ್ಷೇಪ ಬೆಲೆಯದು. ಗೆರೆ ಏರಿದರೆ ಅತಿ ಅಗ್ಗದ ಫ್ಯಾನ್ ಕಣ್ಮರೆಯಾಗುತ್ತದೆ, ಬಡವರು ಏನು ಮಾಡಬೇಕು? ಸಣ್ಣ ತಯಾರಕರ ಗತಿ ಏನು? ಇದು ನ್ಯಾಯವಾದ ಪ್ರಶ್ನೆ. ಉತ್ತರ ಬಲ್ಬಿನ ಕತೆಯಲ್ಲೇ ಇದೆ. ಇಇಎಸ್‌ಎಲ್ 2023ರ ನವೆಂಬರ್‌ನಲ್ಲಿ ಒಂದು ಕೋಟಿ ಬಿಎಲ್‌ಡಿಸಿ ಫ್ಯಾನ್‌ಗಳ ಗುರಿಯೊಂದಿಗೆ ಕಾರ್ಯಕ್ರಮವೊಂದನ್ನು ಶುರುಮಾಡಿದೆ. ಅದಕ್ಕೆ ಉಜಾಲಾದ ಬಿರುಸು ಬರಬೇಕು. ಬೆಲೆ ಇಳಿಸುವ ಮೊದಲೇ ಗೆರೆ ಏರಿಸಿದರೆ ಬಡವರಿಗೆ ಹೊಡೆತ. ಬೆಲೆ ಇಳಿದ ಮೇಲೂ ಗೆರೆ ಏರಿಸದಿದ್ದರೆ ಬಾಡಿಗೆದಾರರಿಗೆ ಹೊಡೆತ. ಯಾವ ವರ್ಷ ಗೆರೆ ಎಲ್ಲಿಗೆ ಏರುತ್ತದೆ ಎಂಬುದನ್ನು ಮೂರ್ನಾಲ್ಕು ವರ್ಷ ಮೊದಲೇ ಪ್ರಕಟಿಸಿದರೆ ಸಣ್ಣ ತಯಾರಕರೂ ಅಣಿಯಾಗಬಹುದು.

ಸ್ಟಾರ್ ಓದುವ ಬಗೆ

ಕೆಲಸ ಸಿಕ್ಕ ಮೇಲೆ ನಾವೂ ಒಂದು ದಿನ ಕೊಳ್ಳುವವರೇ. ಆಗ ಬರೀ ಸ್ಟಾರ್ ಎಣಿಸಿದರೆ ಸಾಲದು. ಸ್ಟಾರ್‌ನ ಅಳತೆಗೋಲು ಕಾಲಕಾಲಕ್ಕೆ ಬಿಗಿಯಾಗುತ್ತದೆ. ಎಸಿಗಳ ವಿಷಯದಲ್ಲಿ 2018ರಲ್ಲಿ ನಮ್ಮ ಹವಾಮಾನಕ್ಕೆ ಹೊಂದುವ ಹೊಸ ಅಳತೆ ಬಂತು. ಆಗ ಐದು ಸ್ಟಾರ್‌ಗೆ ಬೇಕಿದ್ದ ಅಂಕ 4.5. 2022ರ ಜುಲೈಯಿಂದ ಅದು 5 ಆಯಿತು. 2026ರ ಜನವರಿಯಿಂದ ಅಳತೆ ಮತ್ತೆ ಬಿಗಿಯಾಗಿದೆ. ಹೀಗಾಗಿ ಹಳೆಯ ದಾಸ್ತಾನಿನ ಐದು ಸ್ಟಾರ್ ಎಸಿ ಹೊಸ ಲೆಕ್ಕದಲ್ಲಿ ಐದು ಸ್ಟಾರ್ ಅಲ್ಲ. ‘ಭಾರಿ ರಿಯಾಯಿತಿ’ ಎಂಬ ಬೋರ್ಡ್ ಕಂಡಾಗ ಲೇಬಲ್ ಮೇಲಿನ ಅವಧಿಯನ್ನು ಮೊದಲು ಓದಿ.

ಎರಡನೆಯದಾಗಿ, ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿ ಇದ್ದರೆ ಸ್ಟಾರ್‌ಗಿಂತ ಅದನ್ನೇ ನಂಬಿ. ಅಗತ್ಯಕ್ಕಿಂತ ದೊಡ್ಡದಾದ ಐದು ಸ್ಟಾರ್ ಫ್ರಿಜ್, ಅಗತ್ಯಕ್ಕೆ ತಕ್ಕ ಮೂರು ಸ್ಟಾರ್ ಫ್ರಿಜ್‌ಗಿಂತ ಹೆಚ್ಚು ವಿದ್ಯುತ್ ಬಳಸಬಹುದು. ಸ್ಟಾರ್ ಹೇಳುವುದು ಅದೇ ಗಾತ್ರದ ಇತರ ಮಾಲುಗಳ ನಡುವೆ ಅದರ ಸ್ಥಾನವನ್ನು ಮಾತ್ರ. ಬಿಇಇಯ ಮೊಬೈಲ್ ಆ್ಯಪ್‌ನಲ್ಲಿ ಮಾದರಿಗಳನ್ನು ಹೋಲಿಸಿ ನೋಡುವ ಅವಕಾಶವೂ ಇದೆ.

ಈ ಕ್ಷೇತ್ರದಲ್ಲಿ ಉದ್ಯೋಗವೂ ಇದೆ ಎಂಬುದನ್ನು ಕೆಲಸ ಹುಡುಕುವವರು ಗಮನಿಸಬೇಕು. ಲೇಬಲ್ ನಿಜ ಹೇಳುತ್ತಿದೆಯೇ ಎಂದು ತಿಳಿಯಲು ಮಾರುಕಟ್ಟೆಯಿಂದ ಮಾದರಿ ತೆಗೆದು ಮಾನ್ಯತೆ ಪಡೆದ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಬೇಕು. ವಿದ್ಯುತ್ ಉಪಕರಣಗಳ ಪರೀಕ್ಷೆಯಲ್ಲಿ ಹೆಸರಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನಲ್ಲೇ, 1960ರಿಂದ. ಸಿಮೆಂಟ್, ಉಕ್ಕಿನಂಥ ದೊಡ್ಡ ಗ್ರಾಹಕ ಉದ್ಯಮಗಳು ಇಂಧನ ವ್ಯವಸ್ಥಾಪಕರನ್ನು ನೇಮಿಸಿಕೊಳ್ಳಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದಕ್ಕಾಗಿ ಬಿಇಇ ರಾಷ್ಟ್ರಮಟ್ಟದ ಪರೀಕ್ಷೆ ನಡೆಸುತ್ತದೆ. ಎಂಜಿನಿಯರಿಂಗ್ ಪದವೀಧರರು, ಡಿಪ್ಲೊಮಾ ಮಾಡಿದವರು ನಿಗದಿತ ವರ್ಷಗಳ ಅನುಭವದ ನಂತರ ಅದನ್ನು ಬರೆಯಬಹುದು. ರಾಜ್ಯ ಮಟ್ಟದಲ್ಲಿ ಈ ಕಾಯ್ದೆಯ ಕೆಲಸ ನೋಡಿಕೊಳ್ಳುವುದು ಕ್ರೆಡಲ್.

ಶುರು ಎಲ್ಲಿಂದ?

ಕನಿಷ್ಠ ಗೆರೆಗೂ ಒಂದು ಮಿತಿಯಿದೆ. ಅದು ಅನ್ವಯಿಸುವುದು ಹೊಸದಾಗಿ ಮಾರಾಟವಾಗುವ ಮಾಲಿಗೆ ಮಾತ್ರ. ಈಗಾಗಲೇ ಚಾವಣಿಗೆ ನೇತುಬಿದ್ದಿರುವ ಫ್ಯಾನ್‌ಗಳು ಸುಡುವವರೆಗೂ ತಿರುಗುತ್ತಲೇ ಇರುತ್ತವೆ. ಹೀಗಾಗಿ ಎರಡು ಕೆಲಸ ಜೊತೆಜೊತೆಯಲ್ಲೇ ಆಗಬೇಕು.

ಮೊದಲನೆಯದು, 2023ರಲ್ಲಿ ಐದು ಸ್ಟಾರ್ ಎನಿಸಿಕೊಂಡ ಮಟ್ಟವನ್ನು ಮುಂದಿನ ಕೆಲವೇ ವರ್ಷಗಳಲ್ಲಿ ಫ್ಯಾನ್‌ಗಳ ಕನಿಷ್ಠ ಮಟ್ಟವಾಗಿಸುವ ವೇಳಾಪಟ್ಟಿಯನ್ನು ಕೇಂದ್ರ ಪ್ರಕಟಿಸಬೇಕು. ಎಸಿಯ ಉಷ್ಣಾಂಶ 20ರಿಂದ 28 ಡಿಗ್ರಿಯ ನಡುವೆ ಇರಬೇಕೇ ಎಂಬ ಬಗ್ಗೆ 2025ರಲ್ಲಿ ಎಷ್ಟೊಂದು ಸುದ್ದಿಯಾಯಿತು! ಅದರ ಅರ್ಧದಷ್ಟು ಚರ್ಚೆಯಾದರೂ ಫ್ಯಾನಿನ ಬಗ್ಗೆ ನಡೆಯಲಿ.

ಎರಡನೆಯದು, ರಾಜ್ಯ ಸರ್ಕಾರ ತಾನೇ ಬಿಲ್ ಕಟ್ಟುವ ಜಾಗಗಳಿಂದ ಶುರುಮಾಡಲಿ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಲ್ಲಿ, ಸರ್ಕಾರಿ ಕಾಲೇಜುಗಳಲ್ಲಿ, ಗ್ರಂಥಾಲಯಗಳಲ್ಲಿ ಇರುವ ಹಳೆಯ ಫ್ಯಾನ್‌ಗಳನ್ನು ಒಟ್ಟಾಗಿ ಖರೀದಿಸಿ ಬದಲಿಸಲಿ. ಆ ಟೆಂಡರ್ ಬೆಲೆಯಲ್ಲೇ ಗೃಹಜ್ಯೋತಿಯ ಮನೆಗಳಿಗೂ ಹಳೆಯ ಫ್ಯಾನ್ ಕೊಟ್ಟು ಹೊಸದು ಪಡೆಯುವ ಅವಕಾಶ ಇರಲಿ. ಹೊಸಬೆಳಕು ಹಂಚಿದ ಎಸ್ಕಾಂಗಳಿಗೆ ಇದು ಹೊಸ ಕೆಲಸವಲ್ಲ.

ನಮ್ಮ ಕೈಯಲ್ಲಿರುವುದೂ ಸ್ವಲ್ಪ ಇದೆ. ಕೋಣೆ ನೋಡಲು ಹೋದಾಗ ನೀರು ಬರುತ್ತದೆಯೇ, ವೈಫೈ ಇದೆಯೇ ಎಂದು ಕೇಳುತ್ತೇವೆ. ಫ್ಯಾನ್ ಎಷ್ಟು ವಾಟ್, ಗೀಸರ್‌ಗೆ ಎಷ್ಟು ಸ್ಟಾರ್ ಎಂದೂ ಕೇಳೋಣ. ಹತ್ತು ಜನ ಕೇಳಿದರೆ ಹನ್ನೊಂದನೆಯವರು ಬರುವ ಮೊದಲು ಮಾಲೀಕರು ಯೋಚಿಸುತ್ತಾರೆ. ಕಾಲೇಜಿನ ವಿದ್ಯಾರ್ಥಿ ಸಂಘ ಹಾಸ್ಟೆಲ್ ಫ್ಯಾನ್‌ಗಳ ಲೆಕ್ಕ ಬರೆದು ಪ್ರಾಚಾರ್ಯರ ಮುಂದಿಡಬಹುದು. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಇಷ್ಟಾದರೂ ಕೇಳುವುದರಿಂದಲೇ ಎಲ್ಲ ಆಗುವುದಿಲ್ಲ. ಮನೆ ಸಿಗುವುದೇ ಕಷ್ಟವಾಗಿರುವ ಊರಿನಲ್ಲಿ ಫ್ಯಾನಿನ ವಾಟ್ ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಕಾನೂನು ಇರುವುದೇ ಅಂಥವರಿಗಾಗಿ. ಕೇಳಲಾಗದವರ ಪರವಾಗಿ ಅದು ಅಂಗಡಿಯಲ್ಲೇ ಕೇಳಬೇಕು.